ಹಾವಿನ ವಿಷಕ್ಕೆ ಹೊಸ ಮದ್ದು

ಆಲಂಕಾರಿನ ಅಡಿಕೆ ತೋಟದಲ್ಲಿ ನಾಗರಹಾವು ಕಚ್ಚಿತು ಅನ್ನಿ. ಆಸ್ಪತ್ರೆಯಲ್ಲಿ ಕೊಡುವ ಮದ್ದು ಎಲ್ಲಿ ಹುಟ್ಟುತ್ತದೆ ಗೊತ್ತಾ? ಕುದುರೆಯ ರಕ್ತದಲ್ಲಿ!

ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚುತ್ತಾರೆ. ಅದರ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳೇ ಮದ್ದು. ಆ ವಿಷ ಹೆಚ್ಚಾಗಿ ಬರುವುದು ತಮಿಳುನಾಡಿನಿಂದ.

ತೊಂದರೆ ಇರುವುದೇ ಇಲ್ಲಿ. ವಿಷದ ಪ್ರೋಟೀನು ತಯಾರಿಸುವ ಜೀನ್‌ಗಳು ವಿಕಾಸದ ಹಾದಿಯಲ್ಲಿ ಬೇಗ ಬದಲಾಗುತ್ತವೆ. ಹಾಗಾಗಿ ಹಾವು ಒಂದೇ ಜಾತಿಯದಾದರೂ ಸೀಮೆಯಿಂದ ಸೀಮೆಗೆ ವಿಷ ಬೇರೆ; ಒಂದು ಕಡೆಯ ವಿಷದಿಂದ ಮಾಡಿದ ಮದ್ದು ಇನ್ನೊಂದು ಕಡೆ ಅಷ್ಟಾಗಿ ನಾಟದಿರಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ಈ ಬದಲಾವಣೆಯನ್ನೇ ಅಧ್ಯಯನ ಮಾಡುತ್ತಿದೆ. ಇಷ್ಟೆಲ್ಲ ಬದಲಾದರೂ ವಿಷದ ಪ್ರೋಟೀನಿನ ಒಂದು ಭಾಗ ಬದಲಾಗುವಂತಿಲ್ಲ: ನಮ್ಮ ಸ್ನಾಯುವಿಗೆ ಅಂಟಿಕೊಂಡು ಉಸಿರು ಕಟ್ಟಿಸುವ ತುದಿ. ನಾಗರಹಾವಿನಲ್ಲೂ ಆಫ್ರಿಕಾದ ಕಪ್ಪು ಮಾಂಬಾದಲ್ಲೂ ಅದು ಹೆಚ್ಚುಕಮ್ಮಿ ಒಂದೇ.

ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ ಆ ತುದಿಯನ್ನೇ ಹಿಡಿಯುವ ಕೃತಕ ಪ್ರತಿಕಾಯವನ್ನು 2024ರಲ್ಲಿ ಈ ತಂಡ ಪ್ರಕಟಿಸಿತು. ಹೆಸರು 95ಮ್ಯಾಟ್5. ಮಾಂಬಾ ವಿಷ ಕೊಟ್ಟ ಇಲಿಗಳೂ ಬದುಕಿದವು. ಕುದುರೆಯೇ ಬೇಡ!

ಆದರೆ ಕೊಳಕುಮಂಡಲದ ವಿಷ ಬೇರೆ ಥರ, ಅದಕ್ಕೆ ಇದು ಸಾಲದು. ಇಲಿಯಿಂದ ಮನುಷ್ಯನವರೆಗಿನ ದಾರಿಯೂ ಉದ್ದ. ಅಲ್ಲಿವರೆಗೆ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಚ್ಚಿದ ಕೈಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ ಹೋಗಿ. ಈ ವಿಡಿಯೋ ತೋಟದ ಕೆಲಸದವರಿಗೂ ಕಳಿಸಿ.