ಕಬ್ಬಿನ ನಾಡಿನ ಒಂದು ರಸ್ತೆ

ಬೆಂಗಳೂರಿನಿಂದ ಮೈಸೂರಿಗೆ ಮೋಟಾರಿನಲ್ಲಿ ಹೋಗುವವರಿಗೆ ಮಂಡ್ಯವು ಈಗ ಕಾಣುವುದಿಲ್ಲ. 2023ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಹೊಸ ಹೆದ್ದಾರಿಯ ಪ್ರಾರಂಭೋತ್ಸವವಾದುದು ಮೊದಲ್ಗೊಂಡು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳು ದಾರಿಯಿಂದ ಪಕ್ಕಕ್ಕೆ ಸರಿದು ನಿಂತಿವೆ. ಬೇಗ ಹೋಗತಕ್ಕವರಿಗೆ ಇದರಿಂದ ಉಪಕಾರವಾಗಿದೆ. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಆ ದಾರಿಯ ಎರಡು ಬದಿಗಳಲ್ಲಿಯೂ ಹಸುರಾಗಿ ಹಿಂದಕ್ಕೆ ಓಡುವ ಪೈರು ಅಲ್ಲಿಗೆ ಹೇಗೆ ಬಂದಿತು, ಬೆಳೆದಮೇಲೆ ಯಾವ ದಾರಿ ಹಿಡಿದು ಹೊರಡುತ್ತದೆ ಎಂಬುದನ್ನು ಗಂಟೆಗೆ 100 ಕಿಲೋಮೀಟರಿನ ವೇಗದಲ್ಲಿ ಯಾರೂ ತಿಳಿಯಲಾರರು. ಅದನ್ನು ತಿಳಿಯಬೇಕಾದರೆ ಸಣ್ಣ ರಸ್ತೆಗೆ ಇಳಿಯಬೇಕು. ಈ ಹೊತ್ತು ಶ್ರೋತೃಗಳನ್ನು ಅಂಥದೊಂದು ರಸ್ತೆಗೆ ಕರೆದುಕೊಂಡು ಹೋಗುತ್ತೇನೆ. ಅದು ಪಾಂಡವಪುರದಿಂದ ಮಂಡ್ಯಕ್ಕೆ ಹೋಗುವ ರಸ್ತೆ. ಸುಮಾರು 25 ಕಿಲೋಮೀಟರಿನ ಹಾದಿ.

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರಾಲಿ, ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿಯ ಬಂಡೆಗಳ ಆಸರೆಯಲ್ಲಿ ಪಾಳೆಯ ಹೂಡಿದ್ದರಾಗಿ ಇಂಗ್ಲಿಷರು ಅದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಊರಿನ ಬಳಿಯ ಕುಂತಿಬೆಟ್ಟಕ್ಕೆ ಪಾಂಡವರ ಕಥೆ ಅಂಟಿಕೊಂಡಿದೆ. ಈಗಿನ ಹೆಸರು ಆ ಕಥೆಯಿಂದ ಬಂದುದು. ಒಂದೇ ಬಂಡೆಯ ಗುಂಪಿಗೆ ಒಬ್ಬರು ಫ್ರೆಂಚರನ್ನೂ ಇನ್ನೊಬ್ಬರು ಪಾಂಡವರನ್ನೂ ಒಡೆಯರನ್ನಾಗಿ ಮಾಡಿದುದು ವಿನೋದವಾಗಿದೆ. ಆದರೆ ಈ ಸೀಮೆಯ ಇಂದಿನ ರೂಪಕ್ಕೆ ಇವರಿಬ್ಬರೂ ಕಾರಣರಲ್ಲ. ಕಾರಣವಾದುದು ನೀರು.

ಊರು ಬಿಟ್ಟಮೇಲೆ ವಿಶ್ವೇಶ್ವರಯ್ಯ ನಾಲೆಯೂ ಅದರ ಕವಲುಗಳೂ ಮತ್ತೆ ಮತ್ತೆ ಎದುರಾಗುತ್ತವೆ. ಕೆಲವೆಡೆ ರಸ್ತೆಯು ಸೇತುವೆಯ ಮೇಲೆ ಅವನ್ನು ದಾಟುತ್ತದೆ. ಕೆಲವೆಡೆ ಅವುಗಳ ಪಕ್ಕದಲ್ಲಿಯೇ, ಜೊತೆಗಾರನಂತೆ, ನಡೆಯುತ್ತದೆ. ಅಂಥ ಕಡೆ ಗಾಡಿಯನ್ನು ನಿಲ್ಲಿಸಿ ಎರಡು ಪಕ್ಕಕ್ಕೂ ಕಣ್ಣು ಹಾಯಿಸಬೇಕು. ನಾಲೆಯ ಮೇಲ್ಮಗ್ಗುಲಲ್ಲಿ ಕೆಂಪು ಮಣ್ಣು, ಕಲ್ಲು, ಜಾಲಿ, ಮಳೆ ಬಂದರೆ ರಾಗಿ ಅಥವಾ ಹುರುಳಿ. ಕೆಳಮಗ್ಗುಲಲ್ಲಿ ಬತ್ತದ ಗದ್ದೆ, ತೆಂಗು, ಆಳೆತ್ತರವನ್ನು ಮೀರಿ ನಿಂತ ಕಬ್ಬು. ನಡುವೆ ಇರುವ ಅಂತರ ಕೆಲವು ಮಾರು ಮಾತ್ರ. ನಾಲೆಯ ನೀರು ತಾನಾಗಿಯೇ ಹರಿಯಬೇಕಾದರೆ ಅದಕ್ಕೆ ಅತ್ಯಲ್ಪವಾದ ಇಳಿಜಾರು ಸಾಕು. ಹೆಚ್ಚು ಇಳಿದರೆ ಮುಂದಿನ ಊರುಗಳಿಗೆ ನೀರು ಏರದು. ಆದುದರಿಂದ ಎಂಜಿನಿಯರು ಅದನ್ನು ದಿಣ್ಣೆಯ ಸೊಂಟವನ್ನು ಬಳಸಿಕೊಂಡು, ಎಷ್ಟು ಎತ್ತರ ಉಳಿಸಿಕೊಳ್ಳಬಹುದೋ ಅಷ್ಟನ್ನೂ ಉಳಿಸಿಕೊಂಡು, ತಿರುಗಿಸಿ ತಿರುಗಿಸಿ ಒಯ್ಯುತ್ತಾನೆ. ಆ ಗೆರೆಯ ಕೆಳಗೆ ಬಿದ್ದ ಹೊಲಕ್ಕೆ ತೂಬಿನಿಂದ ನೀರು ಇಳಿಯುತ್ತದೆ. ಮೇಲೆ ಬಿದ್ದುದಕ್ಕೆ ಆಕಾಶವೇ ಗತಿ. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಒಬ್ಬನಿಗೆ ಮೇಲಿನದು ಇನ್ನೊಬ್ಬನಿಗೆ ಕೆಳಗಿನದು ಬಂದರೆ, ಎರಡು ತಲೆಮಾರಿನಲ್ಲಿ ಆ ಎರಡು ಮನೆಗಳು ಹೇಗಿರುತ್ತವೆಂಬುದನ್ನು ಊಹಿಸಿಕೊಳ್ಳಬಹುದು.

ನಾಲೆಗೆ ಮುಂಚೆ ಈ ಪ್ರದೇಶದ ಬಹುಭಾಗ ಮೇಲ್ಮಗ್ಗುಲಿನಂತೆಯೇ ಇದ್ದಿತು. ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಹಾಕುವ ಕೆಲಸ 1911ರಲ್ಲಿ ಆರಂಭವಾಯಿತು. ಕೃಷ್ಣರಾಜಸಾಗರವೆಂಬುದು ಅದರ ಹೆಸರು. ಎಡದಂಡೆಯ ಈ ದೊಡ್ಡ ನಾಲೆಯನ್ನು ತೋಡಿದುದು ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ. ಆಗಿನ ವೈಸರಾಯರ ಹೆಸರಿನಿಂದ ಅದು ಇರ್ವಿನ್ ನಾಲೆ ಎನಿಸಿಕೊಂಡಿದ್ದಿತು. ಮಂಡ್ಯದ ಕಡೆಗೆ ಹೋಗುವುದಕ್ಕೆ ಅಡ್ಡಲಾಗಿದ್ದ ದಿಣ್ಣೆಯನ್ನು ಬಳಸುವುದು ಸಾಧ್ಯವಾಗದೆ ಹುಲಿಕೆರೆಯ ಬಳಿ ನೆಲದೊಳಗೆ 2 1/2 ಕಿಲೋಮೀಟರಿಗೂ ಮಿಕ್ಕ ಸುರಂಗವನ್ನು ಕೊರೆದರು. ಆ ಕತ್ತಲಿನಿಂದ ಹೊರಬಿದ್ದ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಕವಲೊಡೆಯಿತು. ನೀರು ಬಂದ ಹಿಂದೆಯೇ ಕಬ್ಬು ಬಂದಿತು. ಕಬ್ಬಿನ ಹಿಂದೆಯೇ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಇದಕ್ಕಾಗಿ ಶ್ರಮಪಟ್ಟವರಲ್ಲಿ ಮುಖ್ಯರು ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು. 1939ರಲ್ಲಿ ಮಂಡ್ಯವು ಪ್ರತ್ಯೇಕವಾದ ಜಿಲ್ಲೆಯೂ ಆಯಿತು. ಹತ್ತು ವರ್ಷಗಳೊಳಗಾಗಿ ಒಂದು ರಾಗಿಯ ಸೀಮೆ ಸಕ್ಕರೆಯ ಸೀಮೆಯಾಗಿ ಮಾರ್ಪಟ್ಟಿತು.

ಇನ್ನು ಕಬ್ಬಿನ ಸ್ವಭಾವವನ್ನು ಕುರಿತು ಒಂದೆರಡು ಮಾತು ಹೇಳಬೇಕು. ಅದನ್ನು ತಿಳಿಯದೆ ಈ ರಸ್ತೆಯ ಆತುರ ಅರ್ಥವಾಗದು. ರಾಗಿಯನ್ನು ಕೊಯ್ದು ಮೆದೆ ಹಾಕಿದರೆ ತಿಂಗಳುಗಟ್ಟಲೆ ಕಾದಿರುತ್ತದೆ; ಹಗೇವಿನಲ್ಲಿ ಹುಗಿದರೆ ವರ್ಷಗಟ್ಟಲೆ ಕೆಡದು. ಕಬ್ಬಾದರೋ ಹೊಲದಲ್ಲಿ ಹನ್ನೆರಡು ತಿಂಗಳು ನಿಲ್ಲುವಷ್ಟು ತಾಳ್ಮೆಯುಳ್ಳದ್ದು, ಕಡಿದ ಮೇಲೆ ಒಂದು ದಿನವನ್ನೂ ತಾಳಲಾರದು. ಜಲ್ಲೆಯ ರಸದಲ್ಲಿರುವ ಸಕ್ಕರೆ ಸುಕ್ರೋಸು ಎಂಬ ಜಾತಿಯದು, ಹರಳುಗಟ್ಟುವುದು ಅದೊಂದೇ. ಕತ್ತಿ ಬಿದ್ದ ಗಳಿಗೆಯಿಂದ ಜಲ್ಲೆಯೊಳಗಿನ ಇನ್ವರ್ಟೇಸೆಂಬ ಕಿಣ್ವವೂ ಕತ್ತರಿಸಿದ ತುದಿಯಿಂದ ಒಳಹೊಕ್ಕ ಸೂಕ್ಷ್ಮಜೀವಿಗಳೂ ಆ ಸುಕ್ರೋಸನ್ನು ಒಡೆದು ಗ್ಲೂಕೋಸು, ಫ್ರಕ್ಟೋಸುಗಳನ್ನಾಗಿ ಮಾಡತೊಡಗುತ್ತವೆ. ನಾಲಗೆಗೆ ಸಿಹಿ ಇದ್ದೇ ಇರುತ್ತದೆ. ಹರಳು ಮಾತ್ರ ಕಟ್ಟುವುದಿಲ್ಲ, ಕಾಕಂಬಿಯಾಗಿ ಹರಿದುಹೋಗುತ್ತದೆ. ಜೊತೆಗೆ ಬಿಸಿಲಿಗೆ ನೀರಿನಂಶ ಆರಿ ತೂಕವೂ ಇಳಿಯುತ್ತದೆ. ಒಂದು ಟನ್ನು ಒಳ್ಳೆಯ ಕಬ್ಬಿನಿಂದ ಸುಮಾರು 90ರಿಂದ 100 ಕಿಲೋಗ್ರಾಮು ಸಕ್ಕರೆ ಬರಬಹುದು. ಎರಡು ಮೂರು ದಿನ ದಾರಿಯಲ್ಲಿ ಬಿದ್ದ ಕಬ್ಬಿನಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ.

ನಮ್ಮ ಹಿರಿಯರು ಈ ತೊಡಕನ್ನು ಬಹು ಸುಲಭವಾಗಿ ಬಿಡಿಸಿದ್ದರು: ಕಬ್ಬನ್ನು ಗಾಣಕ್ಕೆ ಒಯ್ಯುವುದರ ಬದಲು ಗಾಣವನ್ನೇ ಕಬ್ಬಿನ ಬಳಿಗೆ ತಂದರು. ಅದೇ ಆಲೆಮನೆ. ರಸ್ತೆಯ ಪಕ್ಕದಲ್ಲಿ ತೆಂಗಿನ ಗರಿಯ ಚಪ್ಪರವೋ ತಗಡಿನ ಮಾಡೋ ಕಂಡು, ಅದರ ಮೇಲೆ ಹೊಗೆ ಎದ್ದು, ಗಾಳಿಯಲ್ಲಿ ಕಾದ ಬೆಲ್ಲದ ವಾಸನೆ ತೇಲಿಬಂದರೆ ಇಳಿದು ಒಳಗೆ ಹೋಗಬೇಕು, ಬೇಡವೆನ್ನುವವರು ಅಪೂರ್ವ. ಹಿಂದೆ ಎತ್ತುಗಳು ಸುತ್ತುತ್ತಿದ್ದ ಗಾಣವನ್ನು ಈಗ ಯಂತ್ರ ತಿರುಗಿಸುತ್ತದೆ. ಮಿಕ್ಕುದೆಲ್ಲ ಬಹುಮಟ್ಟಿಗೆ ಹಾಗೆಯೇ ಇದೆ. ರಸವನ್ನು ಅಗಲವಾದ ಕೊಪ್ಪರಿಗೆಗೆ ಸುರಿದು, ರಸ ಹಿಂಡಿದ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕುತ್ತಾರೆ. ಕಬ್ಬಿಗೆ ಕಬ್ಬೇ ಸೌದೆ. ಸುಣ್ಣ ಹಾಕಿ ಮಡ್ಡಿಯನ್ನು ಮೇಲೆ ಬರಿಸಿ ತೆಗೆಯುತ್ತಾರೆ. ಪಾಕ ಬಂದಿತೇ ಇಲ್ಲವೇ ಎಂಬುದನ್ನು ಹೇಳುವವನು ಅಲ್ಲಿಯ ಮುಖ್ಯಸ್ಥ: ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆ ಕಟ್ಟಿ ನೋಡಿ ಅವನು ಸನ್ನೆ ಮಾಡಿದೊಡನೆ ಕೊಪ್ಪರಿಗೆ ಇಳಿಯುತ್ತದೆ. ಒಂದು ನಿಮಿಷ ತಪ್ಪಿದರೆ ಬೆಲ್ಲ ಕಪ್ಪಾಗುತ್ತದೆ, ಅಥವಾ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಕಾರ್ಖಾನೆಯ ರಸಾಯನಶಾಲೆಯಲ್ಲಿ ಗಾಜಿನ ಕೊಳವೆಗಳು ಮಾಡುವ ಕೆಲಸವನ್ನು ಇಲ್ಲಿ ಎರಡು ಬೆರಳು ಮಾಡುತ್ತವೆ.

ಕಾರ್ಖಾನೆಯ ರೀತಿ ಇದಕ್ಕೆ ವಿರುದ್ಧವಾದುದು. ಅದು ಕದಲುವುದಿಲ್ಲ, ನೂರಾರು ಹಳ್ಳಿಗಳ ಕಬ್ಬು ಅದರ ಬಾಗಿಲಿಗೆ ಬರಬೇಕು, ಮತ್ತು ಹಗಲಿರುಳೂ ಬರುತ್ತಿರಬೇಕು. ಆದುದರಿಂದ ಸಕ್ಕರೆಯ ಕಾರ್ಖಾನೆಗೆ ರಸ್ತೆಯೂ ಒಂದು ಯಂತ್ರಭಾಗವೇ. ಮೊದಲಿನ ದಿನಗಳಲ್ಲಿ ಈ ಕೆಲಸವೆಲ್ಲ ಎತ್ತಿನ ಗಾಡಿಗಳದು. ಒಂದು ಗಾಡಿ ಹೊರುತ್ತಿದ್ದುದು ಒಂದು ಟನ್ನಿನ ಆಸುಪಾಸು. ಈಗ ಟ್ರಾಕ್ಟರು ಎರಡು ತೊಟ್ಟಿಗಳನ್ನು ಬಾಲದಂತೆ ಕಟ್ಟಿಕೊಂಡು, ಅದರ ಹತ್ತು ಪಾಲಿಗೂ ಮಿಕ್ಕ ಹೊರೆಯನ್ನು ಒಯ್ಯುತ್ತದೆ. ಜಲ್ಲೆಗಳು ಎರಡು ಕಡೆಗೂ ಚಾಚಿಕೊಂಡು ರಸ್ತೆಯನ್ನು ಗುಡಿಸುತ್ತ ಹೋಗುತ್ತವೆ. ಎದುರು ಬರುವವರು ಮಣ್ಣಿಗೆ ಇಳಿಯಲೇಬೇಕು.

ಈ ಪ್ರಯಾಣದ ನಷ್ಟ ಯಾರದು? ಸರ್ಕಾರ ಗೊತ್ತುಮಾಡುವ ಬೆಲೆಯು ಕಾರ್ಖಾನೆಯ ಬಾಗಿಲಿನಲ್ಲಿ ಸಲ್ಲತಕ್ಕ ಬೆಲೆ. ಕಡಿಯುವ ಕೂಲಿಯೂ ಸಾಗಿಸುವ ಬಾಡಿಗೆಯೂ ಬೆಳೆದವನ ಲೆಕ್ಕಕ್ಕೆ ಬೀಳುತ್ತವೆ. ದಾರಿ ಉದ್ದವಾದಷ್ಟೂ ಅವನ ಹಣ ಕಿರಿದಾಗುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಸಾಲು ಉದ್ದವಾದಷ್ಟೂ ಅವನ ತೂಕ ಕಿರಿದಾಗುತ್ತದೆ. ಮಂಡ್ಯದ ಹಳೆಯ ಕಾರ್ಖಾನೆ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಅರೆಯಲಾರಂಭಿಸಿತು. ನಿಂತಿದ್ದ ಕಾಲದಲ್ಲಿ ಅದರ ಸುತ್ತಣ ಕಬ್ಬು ದೂರದ ಕಾರ್ಖಾನೆಗಳಿಗೆ ಹೋಗಬೇಕಾಯಿತು. ಹೊಲ ಇದ್ದಲ್ಲಿಯೇ ಇದ್ದಿತು, ನೀರು ಅದೇ. ದಾರಿಯೊಂದು ಬೆಳೆದುದರಿಂದಲೇ ರೈತನ ಆದಾಯ ಬದಲಾಯಿತು. ಕೆಲವರು ಆಲೆಮನೆಯ ಕಡೆಗೆ ತಿರುಗಿದುದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಹೊತ್ತಿನೊಡನೆ ಪಂದ್ಯ ಹೂಡಿದ ಗಾಡಿಗೆ ಬೇಕಾದುದು ಏರುತಗ್ಗಿಲ್ಲದ ದಾರಿ. ಈ ನಾಡಿನಲ್ಲಿ ಅಂಥ ದಾರಿ ಯಾವುದು? ನಾಲೆಯ ಏರಿ. ನೀರಿಗಾಗಿ ಸಮಮಾಡಿದ ಗೆರೆಯೇ ಚಕ್ರಕ್ಕೂ ಸುಖ. ಆ ಏರಿಯನ್ನು ಮೊದಲು ಮಾಡಿದುದು ತೂಬಿನವನು ನಡೆಯಲೆಂದು, ಮೇಲ್ವಿಚಾರಕನು ಸೈಕಲ್ಲಿನಲ್ಲೋ ಜೀಪಿನಲ್ಲೋ ಹೋಗಿ ನೋಡಿ ಬರಲೆಂದು. ಬಳಿಕ ಹೊಲಕ್ಕೆ ಹೋಗುವ ಗಾಡಿಗಳು ಅದನ್ನು ಹಿಡಿದವು, ಊರುಗಳು ಅದಕ್ಕೆ ಮುಖಮಾಡಿದವು, ಡಾಂಬರು ಬಿದ್ದಿತು, ಬಸ್ಸು ಬಂದಿತು. ಯಾರೂ ಒಂದು ದಿನ ಕುಳಿತು ಇದನ್ನು ರಸ್ತೆಯಾಗಿ ಯೋಚಿಸಿದಂತೆ ತೋರುವುದಿಲ್ಲ. ಅಗಲ ಮಾತ್ರ ಮೊದಲಿನಷ್ಟೇ ಉಳಿಯಿತು, ಮತ್ತು ಒಂದು ಅಂಚಿನಲ್ಲಿ ಆಳವಾದ ನೀರು.

2018ನೆಯ ಇಸವಿ ನವೆಂಬರು 24ರಂದು ಮಂಡ್ಯಕ್ಕೆ ಬರುತ್ತಿದ್ದ ಬಸ್ಸೊಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ನಾಲೆಗೆ ಉರುಳಿತು. 30 ಜನ ಮುಳುಗಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹಿಂದಿರುಗುತ್ತಿದ್ದ ಮಕ್ಕಳೂ ಇದ್ದರು. ಆ ಸ್ಥಳದಲ್ಲಿ ತಡೆಗೋಡೆಯಿರಲಿಲ್ಲ. 2023ರ ನವೆಂಬರಿನಲ್ಲಿ ಬನಘಟ್ಟದ ಬಳಿ ಕಾರೊಂದು ಇದೇ ನಾಲೆಗೆ ಬಿದ್ದು ಐವರು ತೀರಿಕೊಂಡರು. ಎರಡೂ ನವೆಂಬರಿನಲ್ಲಿಯೇ ನಡೆದುದು ಆಕಸ್ಮಿಕವಿರಬಹುದು. ಆದರೆ ಈ ಸೀಮೆಯಲ್ಲಿ ಅರೆತವು ಮಳೆಗಾಲದಲ್ಲಿಯೇ ಆರಂಭವಾಗಿ ಚಳಿಗಾಲಕ್ಕೆ ಮುಂದುವರಿಯುತ್ತದೆಂಬುದನ್ನೂ, ಬತ್ತಕ್ಕಾಗಿ ನಾಲೆ ತುಂಬಿ ಹರಿಯುವುದು ಬಹುಮಟ್ಟಿಗೆ ಅದೇ ತಿಂಗಳುಗಳಲ್ಲೆಂಬುದನ್ನೂ ಗಮನಿಸಬೇಕು. ನೆನೆದ ಏರಿ, ತುಂಬಿದ ನೀರು, ಎದುರಿಗೆ ರಸ್ತೆಯನ್ನೆಲ್ಲ ತುಂಬಿಕೊಂಡು ಬರುವ ಕಬ್ಬಿನ ಹೊರೆ — ಇವು ಮೂರೂ ಒಟ್ಟಿಗೆ ಸೇರುತ್ತವೆ. ನಾಲೆಯ ಬದಿಗಳು ಕಡಿದಾದುವು, ನೀರಿನ ಸೆಳವು ನೋಡಿದುದಕ್ಕಿಂತ ಬಲವಾದುದು. ಈಜು ಬಲ್ಲವನಿಗೂ ಹಿಡಿದು ಹತ್ತುವುದಕ್ಕೆ ಆಧಾರ ಸಿಕ್ಕದು.

ತಡೆಗೋಡೆಯೆಂದರೆ ದೊಡ್ಡ ವಿದ್ಯೆಯೇನೂ ಅಲ್ಲ. ಹುಲಿಕೆರೆಯಲ್ಲಿ ಗುಡ್ಡವನ್ನೇ ಕೊರೆದು ನೀರು ಹಾಯಿಸಿದ ನಾಡಿಗೆ ಎರಡು ಅಡಿಯ ಗೋಡೆ ಎಬ್ಬಿಸುವುದು ಅರಿಯದ ಕೆಲಸವಲ್ಲ. ತೊಡಕು ಇರುವುದು, ಇದು ನಾಲೆಯ ಏರಿಯೋ ಸಾರ್ವಜನಿಕ ರಸ್ತೆಯೋ ಎಂಬ ಪ್ರಶ್ನೆಯಲ್ಲಿ. ನಾಲೆಯವರಿಗೆ ಅದು ಹೂಳೆತ್ತುವುದಕ್ಕೆ ಯಂತ್ರ ನಿಲ್ಲಿಸತಕ್ಕ ಜಾಗ, ಗೋಡೆ ಅಡ್ಡ. ರಸ್ತೆಯವರಿಗೆ ಅದು ನೀರಿನವರ ಸ್ವತ್ತು. ಬಸ್ಸಿನಲ್ಲಿ ಕುಳಿತವರಿಗೆ ಅದು ಮಂಡ್ಯಕ್ಕೆ ಹೋಗುವ ದಾರಿ. ದುರಂತಗಳ ತರುವಾಯ ಅಲ್ಲಲ್ಲಿ ಗೋಡೆ ಕಟ್ಟುವ ಮಾತುಗಳಾಗಿವೆ, ಕೆಲಸವೂ ನಡೆದಿದೆ. ನಾಲೆಯಾದರೋ ಕವಲುಗಳೊಡನೆ ಬಹು ಉದ್ದವಾದುದು.

ಸಂಜೆಯಾಗುತ್ತ ಬಂದಂತೆ ಮಂಡ್ಯ ಸಮೀಪಿಸುತ್ತದೆ. ಮುಂದೆ ಹೋಗುವ ಟ್ರಾಕ್ಟರಿನಿಂದ ಜಾರಿದ ಜಲ್ಲೆಗಳನ್ನು ಮಕ್ಕಳು ಆಯ್ದುಕೊಂಡು ಓಡುತ್ತಾರೆ. ಸಾಗಣೆಯವನು ಗದರಿಸುತ್ತಾನೆ, ನಿಲ್ಲಿಸುವುದಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ತುಂಬಿದ ಗಾಡಿಯನ್ನು ಒಂದು ಸಲ ತೂಗುತ್ತಾರೆ. ಹೊರೆ ಇಳಿಸಿ ಹೊರಗೆ ಬರುವಾಗ ಬರಿದಾದ ಗಾಡಿಯನ್ನು ಮತ್ತೊಂದು ಸಲ. ಎರಡರ ಅಂತರವನ್ನು ಒಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಆ ಚೀಟಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಗಾಡಿಯವನು ರಾತ್ರಿಯೇ ನಾಲೆಯ ಏರಿ ಹಿಡಿದು ಹಿಂದಿರುಗುತ್ತಾನೆ. ಹೊಲದಲ್ಲಿ ಬೆಳಗ್ಗೆ ಕಡಿದ ಕಬ್ಬು ಇನ್ನೊಂದು ಹೊರೆಯಷ್ಟು ಬಿದ್ದಿದೆ.