ಹಿತ್ತಲಿನ ಸ್ಮಾರಕ

ತೀರಿಹೋದ ಹಿರಿಯರ ಜ್ಞಾಪಕಾರ್ಥವಾಗಿ ಏನಾದರೊಂದನ್ನು ಮಾಡಬೇಕೆಂಬ ಇಚ್ಛೆಯು ಸಕಲರಿಗೂ ಸಹಜವಾದುದು. ಅನುಕೂಲವಂತರು ಛತ್ರವನ್ನೋ ವಿದ್ಯಾರ್ಥಿವೇತನವನ್ನೋ ಏರ್ಪಡಿಸುತ್ತಾರೆ. ಮಿಕ್ಕವರು ಭಾವಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕುತ್ತಾರೆ. ಮೂರು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರ ವಿಷಯವಾಗಿ ಈ ಮಾತು ಹುಟ್ಟಿದಾಗ, ಕಲ್ಲುಬೆಂಚೊಂದನ್ನು ಹಾಕಿಸಿ ಹೆಸರು ಕೆತ್ತಿಸಬೇಕೆಂಬುದು ಕೆಲವರ ಅಭಿಪ್ರಾಯವಾಗಿದ್ದಿತು. ಬದುಕಿದ್ದಷ್ಟು ದಿನವೂ ಸುಮ್ಮನೆ ಕುಳಿತವರೇ ಅಲ್ಲದ ಆ ದಂಪತಿಗಳಿಗೆ ಬೆಂಚು ಸಲ್ಲುವುದಿಲ್ಲವೆಂದು ನಾವು ವಾದಿಸಿ, ಅವರು ದುಡಿದ ಹಿತ್ತಲಿನಲ್ಲಿ ಮರಳಿ ತರಕಾರಿ ತೋಟವನ್ನು ಎಬ್ಬಿಸುವುದೆಂದು ತೀರ್ಮಾನ ಮಾಡಿಸಿದೆವು.

ಈ ತೀರ್ಮಾನದಲ್ಲಿ ಭಕ್ತಿಗಿಂತ ಪ್ರಾಯಶ್ಚಿತ್ತದ ಭಾಗವೇ ಹೆಚ್ಚೆಂಬುದನ್ನು ಮರೆಮಾಚಬಾರದು. ಅಜ್ಜಿಯು ಕಾಲವಾದ ವರ್ಷ, ಮನೆಗೆ ಸುಣ್ಣ ಬಳಿಸುವ ಗಡಿಬಿಡಿಯಲ್ಲಿ, ಅಡಿಗೆಮನೆಯ ಅಟ್ಟದ ಮೇಲಿದ್ದ ಮಣ್ಣಿನ ಕುಡಿಕೆಗಳನ್ನು ಹಳೆಯ ಸಾಮಾನೆಂದು ಹೊರಗೆ ಹಾಕಿಸಿದವರು ನಾವೇ. ಅವುಗಳಲ್ಲಿ ಬೂದಿ ಬೆರೆಸಿದ ಬೀಜಗಳಿದ್ದುವು. ಗೋಡೆಗೆ ಸಗಣಿಯೊಡನೆ ತಟ್ಟಿದ್ದ ಸೌತೆ ಕುಂಬಳಗಳ ಬೀಜವೂ ಸುಣ್ಣದವರ ಕೆರೆತಕ್ಕೆ ಸಿಕ್ಕಿ ಹೋಯಿತು. ಆಮೇಲೆ ಹಿತ್ತಲಿನ ಅರ್ಧಕ್ಕೆ ಸಿಮೆಂಟು ಬಳಿಸಿ, ಮುದ್ರಣದ ಕಾಗದವನ್ನಿಡಲು ತಗಡಿನ ಸೂರನ್ನು ಎತ್ತಿಸಿದವರೂ ನಾವೇ. ದೇಶದ ಸಂಪತ್ತನ್ನು ಕಾಪಾಡಬೇಕೆಂದು ಈ ಪುಟದಲ್ಲಿ ಪರರಿಗೆ ಬುದ್ಧಿ ಹೇಳತಕ್ಕವರ ಮನೆಯ ಕಥೆ ಇದು!

ಅಜ್ಜನದು ನೀರಿನ ಮತ್ತು ಗುದ್ದಲಿಯ ಕೆಲಸ. ಬಚ್ಚಲಿನ ನೀರು ಒಂದು ಹನಿಯೂ ಬೀದಿಗೆ ಹೋಗದಂತೆ ಕಾಲುವೆ ತೋಡಿ, ಮೊದಲು ಬಾಳೆಗೆ, ಅಲ್ಲಿಂದ ಕೆಸುವಿನ ಮಡಿಗೆ, ಉಳಿದುದನ್ನು ಬಸಳೆಯ ಬುಡಕ್ಕೆ ಹಾಯಿಸುತ್ತಿದ್ದರು. ಬೀಜದ ಅಧಿಕಾರವೆಲ್ಲವೂ ಅಜ್ಜಿಯದು. ಹೀರೆಯ ಚಪ್ಪರದಲ್ಲಿ ಮೊದಲಿಗೆ ಬಿಟ್ಟ ಒಳ್ಳೆಯ ಕಾಯಿಗೆ ಆಕೆ ಬಟ್ಟೆಯ ಚೂರೊಂದನ್ನು ಕಟ್ಟಿದರೆ, ಅದನ್ನು ಮುಟ್ಟುವ ಧೈರ್ಯ ಅಜ್ಜನಿಗೂ ಇರಲಿಲ್ಲ. ಮನೆಯಲ್ಲಿ ಸಾರಿಗೆ ಏನೂ ಇಲ್ಲದ ದಿನವೂ ಆ ಕಾಯಿ ಅಲ್ಲಿಯೇ ಒಣಗುತ್ತಿದ್ದಿತು.

ಸಿಮೆಂಟನ್ನು ಒಡೆಸಿ, ಗೊಬ್ಬರ ಹಾಕಿಸಿ, ಮೊದಲನೆಯ ವರ್ಷ ಪೇಟೆಯ ಬೀಜಗಳನ್ನೇ ತಂದು ಬಿತ್ತಿದೆವು. ಬದನೆಯು ಸೊಗಸಾಗಿಯೇ ಫಲಿಸಿತು. ಅದರ ಬೀಜವನ್ನು ತೆಗೆದಿರಿಸಿ ಎರಡನೆಯ ವರ್ಷ ಹಾಕಿದಾಗ, ಗಿಡಕ್ಕೊಂದು ಬಣ್ಣ, ಗಿಡಕ್ಕೊಂದು ಆಕಾರ! ಅಂಗಡಿಯವನ ಮೋಸವಲ್ಲ; ಎರಡು ತಳಿಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್ ಬೀಜದ ಧರ್ಮವೇ ಹಾಗೆ. ಮೊದಲ ತಲೆಮಾರಿನಲ್ಲಿ ಏಕರೂಪವಾಗಿ ಫಲ ಕೊಟ್ಟು, ಮುಂದಿನ ತಲೆಮಾರಿನಲ್ಲಿ ಗುಣಗಳು ಚದರಿಹೋಗುತ್ತವೆ. ಇಳುವರಿಯನ್ನೇ ನಂಬಿದ ರೈತನಿಗೆ ಅದರಿಂದ ಪ್ರಯೋಜನವುಂಟು. ಆದರೆ ಪ್ರತಿವರ್ಷವೂ ಅಂಗಡಿಯಿಂದ ಕೊಳ್ಳಬೇಕಾದ ಬೀಜದಿಂದ ಅಜ್ಜಿಯ ಸ್ಮಾರಕವಾಗುವುದೆಂತು?

ಬೀಜದ ಮೂಲಕ ಒಬ್ಬರ ಹೆಸರು ಉಳಿಯಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳಬದನೆಯ ಬೀಜವನ್ನು ಶ್ರೀ ವಾದಿರಾಜಸ್ವಾಮಿಗಳು ಅನುಗ್ರಹಿಸಿದರೆಂಬುದು ಅಲ್ಲಿನ ಐತಿಹ್ಯ. ಆ ಹಸುರು ಗುಂಡುಕಾಯಿಗೆ 2011ರಲ್ಲಿ ಸರ್ಕಾರದ ಭೌಗೋಳಿಕ ಸೂಚನೆಯ ಮನ್ನಣೆಯು ದೊರೆಯಿತು. ಐತಿಹ್ಯವನ್ನು ಒಪ್ಪುವುದೂ ಬಿಡುವುದೂ ಅವರವರ ಇಷ್ಟ. ಬೀಜ ಉಳಿದುದಂತೂ ಒಕ್ಕಲುಗಳ ಕೈಯಿಂದ.

ಮೂರನೆಯ ವರ್ಷ, ಅಜ್ಜಿಯ ಕಾಲದಲ್ಲಿ ನಮ್ಮ ಮನೆಗೆ ಬಂದುಹೋಗುತ್ತಿದ್ದ ಮುದುಕಿಯೊಬ್ಬಳನ್ನು ಪಕ್ಕದ ಹಳ್ಳಿಯಲ್ಲಿ ಕಾಣುವ ಸಂದರ್ಭ ಒದಗಿತು. ಆಕೆಯ ಬೇಲಿಯ ಮೇಲೆ ಹಬ್ಬಿದ್ದ ಹೀರೆಯನ್ನು ನೋಡಿ, ಗಿಡ್ಡನೆಯ ಕಾಯಿ, ಎದ್ದುನಿಂತ ಏಣುಗಳು, ನಾವು ದಾರಿಯಲ್ಲಿಯೇ ನಿಂತೆವು. "ನಿಮ್ಮಜ್ಜಿ ಕೊಟ್ಟ ಬೀಜವೇ ಕಣಪ್ಪಾ. ನಿಮ್ಮ ಹಿತ್ತಲಲ್ಲಿ ಇಲ್ಲವಾ?" ಎಂದಳು. ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ. ಒಳಗೆ ಹೋಗಿ ಒಣಗಿದ ಕಾಯಿಯೊಂದನ್ನು ತಂದು, ಅಲ್ಲಾಡಿಸಿ ಸದ್ದು ಕೇಳಿಸಿ, ನಮ್ಮ ಕೈಗಿಟ್ಟಳು. ಹಣವನ್ನು ಮುಟ್ಟಲಿಲ್ಲ.

ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡಿಕೊಳ್ಳುವ, ಮಾರುವ ರೈತನ ವಾಡಿಕೆಯನ್ನು ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು 2001ರಲ್ಲಿಯೇ ಹಕ್ಕೆಂದು ಅಂಗೀಕರಿಸಿದೆ. ಸಂರಕ್ಷಿತ ತಳಿಯ ಬೀಜವನ್ನು ವ್ಯಾಪಾರದ ಹೆಸರು ಹಚ್ಚಿ ಮಾರುವುದನ್ನು ಮಾತ್ರ ನಿಷೇಧಿಸಿದೆ. ಕಾಯಿದೆಯು ಸರಿಯೇ. ಆದರೆ ಕುಡಿಕೆಯನ್ನು ಬೀದಿಗೆಸೆದ ಮನೆಯಲ್ಲಿ ಆ ಹಕ್ಕನ್ನು ಚಲಾಯಿಸುವುದು ಯಾವುದರ ಮೇಲೆ?

ಈ ಸಲ ಜ್ಯೇಷ್ಠದ ಮಳೆಗೆ ಹಾಕಿದ ಬಳ್ಳಿಗಳು ಶ್ರಾವಣದಲ್ಲಿ ಕಾಯಿಬಿಟ್ಟುವು. ನೆರೆಮನೆಯಲ್ಲಿ ಬೇರೆ ಹೀರೆಯಿರುವುದರಿಂದ ಜಾತಿ ಬೆರೆಯದಂತೆ ಎಚ್ಚರ ವಹಿಸಬೇಕಾಯಿತು. ಹೀರೆಯ ಹೂವು ಅರಳುವುದು ಸಂಜೆಗೆ. ಆದ್ದರಿಂದ ಅರಳುವ ಮೊದಲೇ ಹೆಣ್ಣುಮೊಗ್ಗಿಗೂ ಗಂಡುಮೊಗ್ಗಿಗೂ ತೆಳುಬಟ್ಟೆ ಕಟ್ಟಿ, ಅರಳಿದ ಮೇಲೆ ಬಿಚ್ಚಿ, ಗಂಡುಹೂವನ್ನು ಹೆಣ್ಣುಹೂವಿಗೆ ಸೋಕಿಸಿ, ಹೆಣ್ಣುಹೂವಿಗೆ ಮತ್ತೆ ಕಟ್ಟಿದೆವು. ಸಂಪಾದಕೀಯದ ಕರಡು ತಡವಾದುದಕ್ಕೆ ಅಚ್ಚುಕೂಟದವರು ಗೊಣಗಿಕೊಂಡರು. ಹೀಗೆ ಮೂರು ಕಾಯಿಗಳನ್ನು ಬಳ್ಳಿಯಲ್ಲಿಯೇ ಬಿಟ್ಟಿದ್ದೇವೆ. ಅವಕ್ಕೆ ಬಟ್ಟೆಯ ಚೂರನ್ನೂ ಕಟ್ಟಲಾಗಿದೆ.

ದೀಪಾವಳಿಯ ಹೊತ್ತಿಗೆ ಅವು ಒಣಗಬಹುದು. ಬೀಜ ಬೇಕಾದ ವಾಚಕ ಮಹಾಶಯರು ಆ ಮೇಲೆ ನಮ್ಮ ಕಚೇರಿಗೆ ಬಂದರೆ ತಲೆಗೆ ಹತ್ತು ಕಾಳಿನಂತೆ ಇರುವಷ್ಟನ್ನು ಹಂಚಲಾಗುವುದು. ಕ್ರಯವಿಲ್ಲ. ಮುಂದಿನ ವರ್ಷ ತಮ್ಮ ಬಳ್ಳಿಯಿಂದ ಒಂದು ಒಣಕಾಯನ್ನು ಆ ಮುದುಕಿಯ ಮನೆಗೆ ಮುಟ್ಟಿಸತಕ್ಕದ್ದು. ವಿಳಾಸವನ್ನು ಬೀಜದೊಡನೆ ಕೊಡುತ್ತೇವೆ.