ಮುಕ್ತ ತಂತ್ರಾಂಶದಲ್ಲಿ ಸ್ವಯಂಸೇವಕರ ದುಡಿಮೆ: ತುಳುವಿನ ನಿದರ್ಶನ

ಮುಕ್ತ ತಂತ್ರಾಂಶವೆಂದರೆ ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ತಿದ್ದಿದುದನ್ನು ಇತರರಿಗೆ ಹಂಚಬಹುದಾದ ತಂತ್ರಾಂಶ. ಈ ಅನುಮತಿ ಬಾಯಿಮಾತಿನದಲ್ಲ. ಪರವಾನಗಿಯ ರೂಪದಲ್ಲಿ ಬರೆದು ಕೊಟ್ಟದ್ದು. 1989ರಲ್ಲಿ ಹೊರಬಂದ ಗ್ನೂ ಸಾರ್ವಜನಿಕ ಪರವಾನಗಿಯು ಇವುಗಳಲ್ಲಿ ಪ್ರಸಿದ್ಧವಾದುದು. ಆದರೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಜನರು ಒಳಗೆ ಬರುತ್ತಾರೆಂದಾಗಲಿ, ಬಂದವರು ಉಪಯುಕ್ತವಾದ ಕೆಲಸವನ್ನೇ ಮಾಡುತ್ತಾರೆಂದಾಗಲಿ ಭಾವಿಸಲಾಗದು. ಸಂಬಳವಿಲ್ಲದೆ, ಆಜ್ಞೆಯಿಲ್ಲದೆ, ಒಬ್ಬರನ್ನೊಬ್ಬರು ಕಾಣದೆ ದುಡಿಯುವವರ ಕೆಲಸವನ್ನು ಒಂದು ಕ್ರಮಕ್ಕೆ ತರುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ನೆರೆಯ ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಭಾಷೆಯಾದ ತುಳುವಿನ ಅನುಭವದ ಆಧಾರದಿಂದ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

2011ರ ಜನಗಣತಿಯಂತೆ ತುಳುವನ್ನು ಮಾತೃಭಾಷೆಯೆಂದು ಹೇಳಿಕೊಂಡವರು 18,46,427 ಮಂದಿ. ಈ ಭಾಷೆಯ ವಿಕಿಪೀಡಿಯಕ್ಕೆ ಪ್ರಾಯೋಗಿಕ ನೆಲೆಯಲ್ಲಿ ಅಂಕುರಾರ್ಪಣವಾದುದು 2008ರ ಸುಮಾರಿಗೆ. ಅದು ಸ್ವತಂತ್ರ ತಾಣವಾದುದು 2016ರ ಆಗಸ್ಟಿನಲ್ಲಿ. ಕನ್ನಡ ವಿಕಿಪೀಡಿಯವು 2003ರಿಂದಲೇ ನಡೆದುಬಂದಿತ್ತು. ಪ್ರಾಯೋಗಿಕ ನೆಲೆಯಿಂದ ಹೊರಬರಬೇಕಾದರೆ ಒಂದು ಭಾಷೆ ಮುಖ್ಯವಾಗಿ ಎರಡು ಪರೀಕ್ಷೆಗಳನ್ನು ದಾಟಬೇಕು. ಕೆಲವು ತಿಂಗಳ ಕಾಲ ಎಡೆಬಿಡದೆ ಬರೆಯುವ ಒಂದು ಸಣ್ಣ ಬಳಗ ಇರಬೇಕೆಂಬುದು ಮೊದಲನೆಯದು. ತಾಣವನ್ನು ನಡೆಸುವ ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದಲ್ಲಿ ಬಹಳವಾಗಿ ಬಳಕೆಯಾಗುವ ಸೂಚನಾವಾಕ್ಯಗಳು ಆ ಭಾಷೆಗೆ ಅನುವಾದವಾಗಿರಬೇಕೆಂಬುದು ಎರಡನೆಯದು. ವಾಚಕರ ಗಮನಕ್ಕೆ ಹೆಚ್ಚಾಗಿ ಬರುವುದು ಲೇಖನಗಳ ಸಂಖ್ಯೆ. ನಮ್ಮ ಪ್ರಕೃತ ವಿಷಯಕ್ಕೆ ಹತ್ತಿರವಾದುದು ಈ ಎರಡನೆಯ ಕೆಲಸ.

ಇದರ ಕಾರ್ಯವಿಧಾನವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ತೆರೆಯ ಮೇಲೆ ಕಾಣುವ ಪ್ರತಿಯೊಂದು ಮಾತನ್ನೂ ತಂತ್ರಾಂಶದ ಒಡಲಿನಿಂದ ಬೇರ್ಪಡಿಸಿ, ಅದಕ್ಕೊಂದು ಗುರುತಿನ ಹೆಸರು ಕೊಟ್ಟು, ಪಟ್ಟಿಯಲ್ಲಿ ಇಡಲಾಗಿದೆ. ಆ ಮಾತು ಎಲ್ಲಿ, ಯಾರಿಗೆ, ಯಾವ ಸಂದರ್ಭದಲ್ಲಿ ಕಾಣಿಸುತ್ತದೆಂಬ ಟಿಪ್ಪಣಿಯೂ ಅದರ ಪಕ್ಕದಲ್ಲಿರುತ್ತದೆ. ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಸ್ವಯಂಸೇವಕನು ಈ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು ಅನುವಾದಿಸುತ್ತಾನೆ. ಅನುವಾದಗಳು ಕಾಲಕಾಲಕ್ಕೆ ತಂತ್ರಾಂಶವನ್ನು ಸೇರುತ್ತವೆ. ಮೂಲವಾಕ್ಯ ಮುಂದೆ ಬದಲಾದರೆ ಹಳೆಯ ಅನುವಾದವನ್ನು ಮತ್ತೆ ನೋಡಬೇಕೆಂಬ ಗುರುತು ತಾನಾಗಿ ಬೀಳುತ್ತದೆ. ಅನುವಾದಕನಿಗೆ ಕ್ರಮವಿಧಿ ರಚನೆ ತಿಳಿಯಬೇಕಾಗಿಲ್ಲ. ಕ್ರಮವಿಧಿ ರಚಿಸುವವನಿಗೆ ತುಳು ತಿಳಿಯಬೇಕಾಗಿಲ್ಲ. ಕೆಲಸವನ್ನು ಹೀಗೆ ಕಾಲು ಗಂಟೆಯಲ್ಲಿ ಮುಗಿಯುವ ತುಂಡುಗಳಾಗಿ ಒಡೆದಿರುವುದೇ ಈ ವ್ಯವಸ್ಥೆಯ ಜೀವಾಳವೆಂದು ನಮಗೆ ತೋರುತ್ತದೆ. ಉಜಿರೆಯಲ್ಲಿ ಬಸ್ಸಿಗೆ ಕಾಯುತ್ತಿರುವ ವಿದ್ಯಾರ್ಥಿನಿಯೂ ಒಂದು ತುಂಡನ್ನು ಮುಗಿಸಬಲ್ಲಳು. ಆಕೆ ಮರುದಿನ ಬಾರದಿದ್ದರೂ ಮಾಡಿದ ಕೆಲಸ ಅರ್ಧದಲ್ಲಿ ನಿಂತಿರುವುದಿಲ್ಲ.

ತುಂಡು ಸಣ್ಣದಾದರೂ ಸುಲಭವೆಂದು ಹೇಳಲಾಗದು. ಸದಸ್ಯನ ಹೆಸರು ಬರಬೇಕಾದ ಎಡೆಯಲ್ಲಿ ಮೂಲವಾಕ್ಯವು ಒಂದು ಖಾಲಿ ಗುರುತನ್ನು ಇಟ್ಟಿರುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಹಿಂದೆ ಉಪಸರ್ಗವೊಂದನ್ನು ಹಾಕಿದರೆ ಮುಗಿಯಿತು. ನಮ್ಮ ಭಾಷೆಗಳಲ್ಲಿ ವಿಭಕ್ತಿಪ್ರತ್ಯಯವು ಹೆಸರಿಗೇ ಅಂಟಿಕೊಳ್ಳಬೇಕು. ಅದೂ ಹೆಸರಿನ ಕೊನೆಯ ಧ್ವನಿಯನ್ನು ನೋಡಿ. ಕನ್ನಡದಲ್ಲಿ ‘ರಾಮನನ್ನು’, ‘ಸೀತೆಯನ್ನು’, ‘ಗುರುವನ್ನು’ ಎಂದಾಗುವಂತೆ ತುಳುವಿನಲ್ಲಿಯೂ ರೂಪಭೇದಗಳುಂಟು. ಯಾವ ಹೆಸರು ಬಂದೀತೆಂದು ತಿಳಿಯದೆ ಪ್ರತ್ಯಯ ಹಚ್ಚುವುದು ಹೇಗೆ? ಕನ್ನಡದಲ್ಲಿ ‘ಎಂಬ ಸದಸ್ಯರಿಗೆ’ ಎಂದು ಬರೆದು ಪ್ರತ್ಯಯವನ್ನು ‘ಸದಸ್ಯ’ ಶಬ್ದಕ್ಕೆ ವರ್ಗಾಯಿಸಬಹುದು; ತುಳುವಿನಲ್ಲಿ ‘ಪನ್ಪಿನ’ ಎಂಬುದು ಇದೇ ಉಪಕಾರವನ್ನು ಮಾಡುತ್ತದೆ. ವಾಕ್ಯ ತುಸು ಉದ್ದವಾಗುತ್ತದೆ, ನಿಜ, ಆದರೆ ಕೆಡುವುದಿಲ್ಲ. ಇಂಥ ಉಪಾಯವನ್ನು ಒಬ್ಬನು ಕಂಡುಕೊಂಡು ತನ್ನಲ್ಲೇ ಇಟ್ಟುಕೊಂಡರೆ ಹತ್ತು ಮಂದಿ ಹತ್ತು ಬಗೆಯಲ್ಲಿ ಬರೆಯುತ್ತಾರೆ. ಅದನ್ನು ಎಲ್ಲರಿಗೂ ಕಾಣುವಂತೆ ಬರೆದಿಡುವುದೇ ಸಂಘಟನೆಯ ಮೊದಲ ಹೆಜ್ಜೆ.

ಇದಕ್ಕಿಂತ ತೊಡಕಾದುದು ಉಪಭಾಷೆಗಳ ಪ್ರಶ್ನೆ. ‘ನೋಡಿ’ ಎಂಬರ್ಥದ ಗುಂಡಿಯೊಂದಕ್ಕೆ ಏನೆಂದು ಬರೆಯಬೇಕು? ನೋಡುವುದೆಂಬ ಧಾತುವು ಪ್ರದೇಶ, ಸಮುದಾಯಗಳಿಗೆ ತಕ್ಕಂತೆ ‘ತೂ’, ‘ಸೂ’, ‘ಹೂ’ ಎಂದು ಮೂರು ಬಗೆಯಾಗಿ ಕೇಳಿಬರುತ್ತದೆ. ‘ನಾನು’ ಎಂಬುದಕ್ಕೆ ಒಬ್ಬರು ‘ಯಾನ್’ ಎಂದರೆ ಮತ್ತೊಬ್ಬರು ‘ಏನ್’ ಎನ್ನುತ್ತಾರೆ. ಕನ್ನಡ ಲಿಪಿಯ ಇಕ್ಕಟ್ಟು ಬೇರೆ: ‘ಬರುತ್ತೇನೆ’ ಎಂಬುದಕ್ಕೂ ‘ಬರುತ್ತಾನೆ’ ಎಂಬುದಕ್ಕೂ ತುಳುವಿನಲ್ಲಿ ಕೊನೆಯ ಸ್ವರದ ಉಚ್ಚಾರಣೆಯೊಂದೇ ಭೇದ, ಬರೆಯುವಾಗ ಎರಡೂ ‘ಬರ್ಪೆ’ ಆಗಿಬಿಡುತ್ತವೆ. ಮನೆಮಾತನ್ನು ಪ್ರೀತಿಸುವವನೇ ಸ್ವಯಂಸೇವಕನಾಗಿ ಬರುವವನು. ಆದಕಾರಣ ತನ್ನ ಮನೆಯ ರೂಪವನ್ನು ಬೇರೊಬ್ಬನು ಅಳಿಸಿದಾಗ ಅವನಿಗೆ ನೋವಾಗುವುದು ಸಹಜ. ಸಂಬಳದ ನೌಕರನು ಇದನ್ನು ನುಂಗಿಕೊಂಡಾನು; ಸ್ವಯಂಸೇವಕನು ಮಾತಿಲ್ಲದೆ ಹೊರಟುಹೋಗುತ್ತಾನೆ.

ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು 1979ರಲ್ಲಿ ಕೈಗೊಂಡು 1988ರಿಂದ 1997ರ ವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ತುಳು ನಿಘಂಟು ಇದೇ ಸಮಸ್ಯೆಯನ್ನು ಎದುರಿಸಿತ್ತು. ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದ ಆ ನಿಘಂಟು ರೂಪಭೇದಗಳನ್ನು ಒಟ್ಟಿಗೆ ದಾಖಲಿಸಿತು. ನಿಘಂಟಿಗೆ ಆ ಸೌಕರ್ಯವಿತ್ತು. ತಂತ್ರಾಂಶದ ಗುಂಡಿಯ ಮೇಲೆ ಮೂರು ರೂಪಗಳಿಗೆ ಸ್ಥಳವಿಲ್ಲ, ಒಂದನ್ನು ಆರಿಸಲೇಬೇಕು. ಅಲ್ಲದೆ ನಿಘಂಟಿನಲ್ಲಿ ಪ್ರಧಾನ ಸಂಪಾದಕರ ಮಾತೇ ಕೊನೆಯ ಮಾತು. ಸ್ವಯಂಸೇವಕರ ನಡುವೆ ಅಂಥ ಪೀಠವನ್ನು ಯಾರೂ ಕೊಟ್ಟಿರುವುದಿಲ್ಲ. ಎಲ್ಲರೂ ಒಪ್ಪುವವರೆಗೆ ಚರ್ಚಿಸಬೇಕೆಂಬ ಪಕ್ಷವನ್ನು ನಾವು ಒಪ್ಪಲಾರೆವು. ಅಂಥ ಚರ್ಚೆಯಲ್ಲಿ ಬಿಡುವು ಹೆಚ್ಚಿದ್ದವನೇ ಗೆಲ್ಲುತ್ತಾನೆ. ಪಾರಿಭಾಷಿಕ ಶಬ್ದಗಳ ಒಂದು ಪಟ್ಟಿ, ಆರಿಸಿದ ರೂಪಕ್ಕೆ ಒಂದೆರಡು ಸಾಲಿನ ಕಾರಣ, ತೀರ್ಮಾನವನ್ನು ಗೊತ್ತಾದ ಅವಧಿಯವರೆಗೆ ಮರಳಿ ಕೆದಕಬಾರದೆಂಬ ಒಡಂಬಡಿಕೆ, ಇಷ್ಟಿದ್ದರೆ ಸಾಕು. ಕಾರಣವನ್ನು ಬರೆದಿಟ್ಟಿದ್ದರೆ ಸೋತವನಿಗೂ ತನ್ನ ಮಾತನ್ನು ಕೇಳಿದರೆಂಬ ಸಮಾಧಾನವಿರುತ್ತದೆ.

ಇನ್ನು ಜನಬಲದ ವಿಷಯ. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ವಿಕಿಪೀಡಿಯ ಸಂಘಗಳು ಏರ್ಪಟ್ಟುದರಿಂದ ಈ ಭಾಗದಲ್ಲಿ ಹೊಸಬರು ಬರುವ ದಾರಿಯೊಂದು ತೆರೆಯಿತು. ಆದರೆ ಯಾವ ಊರಿನಲ್ಲೇ ಆಗಲಿ, ಕಮ್ಮಟವೊಂದಕ್ಕೆ ಅರವತ್ತು ಮಂದಿಯನ್ನು ಕೂಡಿಸುವುದು ಕಷ್ಟವಲ್ಲ. ಅವರು ಒಂದು ಮಧ್ಯಾಹ್ನದಲ್ಲಿ ಬರೆದುದನ್ನು ತಿದ್ದುವವರು ಎಷ್ಟು ಮಂದಿ ಎಂಬುದೇ ಪ್ರಶ್ನೆ. ಫ್ರೆಡರಿಕ್ ಬ್ರೂಕ್ಸ್ 1975ರ ತಮ್ಮ ಗ್ರಂಥದಲ್ಲಿ, ತಡವಾದ ತಂತ್ರಾಂಶದ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆಂದು ತೋರಿಸಿಕೊಟ್ಟರು. ಲೆಕ್ಕ ಸರಳವಾದುದು: ಐವರು ಪರಸ್ಪರ ಮಾತಾಡಿಕೊಳ್ಳಬೇಕಾದರೆ 10 ಜೋಡಿಗಳು, ಇಪ್ಪತ್ತು ಮಂದಿಯಾದರೆ 190. ಸಣ್ಣ ಯೋಜನೆಯಲ್ಲಿ ನಿಜವಾಗಿ ವಿರಳವಾದ ವಸ್ತು ಬರೆಯುವವರ ಉತ್ಸಾಹವಲ್ಲ, ಪರಿಶೀಲಿಸುವ ಒಬ್ಬಿಬ್ಬರ ಸಾಯಂಕಾಲ. ಬದಲಾವಣೆಗಳ ಸಂಖ್ಯೆಗೆ ತಕ್ಕಂತೆ ಅಂಕ ಕೊಡುವ ಅಧ್ಯಾಪಕರು ತಮಗರಿಯದೆಯೇ ಈ ಸಾಯಂಕಾಲಗಳನ್ನು ಹಾಳುಮಾಡುತ್ತಾರೆ. ಹತ್ತು ಹೊಸ ವಾಕ್ಯಗಳಿಗಿಂತ, ಬೇರೆಯವರ ಹತ್ತು ವಾಕ್ಯಗಳನ್ನು ಓದಿ ತಪ್ಪು ತೋರಿಸಿದವನಿಗೆ ಹೆಚ್ಚು ಅಂಕ ಸಲ್ಲಬೇಕೆಂದು ನಮ್ಮ ಅಭಿಪ್ರಾಯ.

ಕೆಲಸದ ವಿಂಗಡಣೆಯೂ ಬಂದವರ ಬಲವನ್ನು ನೋಡಿ ಆಗಬೇಕು. ಬಂಟವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ಬದುಕಿನ ಹಳೆಯ ವಸ್ತುಗಳ ಸಂಗ್ರಹವಿದೆ. ಅಂಥ ವಸ್ತುಗಳ ಹೆಸರನ್ನು ತಡವರಿಸದೆ ಹೇಳಬಲ್ಲ ವೃದ್ಧ ಕೃಷಿಕನು ಕೀಲಿಮಣೆಯನ್ನು ಮುಟ್ಟದೆಯೇ ದೊಡ್ಡ ಕಾಣಿಕೆಯನ್ನು ಕೊಡಬಲ್ಲನು. ಕೇಳಿ ಬರೆದುಕೊಳ್ಳುವ ಮೊಮ್ಮಗಳೊಬ್ಬಳು ಪಕ್ಕದಲ್ಲಿದ್ದರಾಯಿತು. ಮುಟ್ಟಾಳೆಯ ಚಿತ್ರಕ್ಕೆ ಅಡಿಬರಹ ಬರೆಯಲು ಪದವಿ ಬೇಕಿಲ್ಲ. ಮುಯ್ಯಾಳಿನ ಪದ್ಧತಿಯನ್ನು ಕಂಡ ನಮ್ಮ ಗ್ರಾಮಗಳಿಗೆ ಇದು ಹೊಸ ನೀತಿಯೂ ಅಲ್ಲ.

ವ್ಯವಸ್ಥೆ ಸಡಿಲವಾದರೆ ಆಗುವ ಅನಾಹುತಕ್ಕೆ ಹೊರಗಿನ ಎರಡು ನಿದರ್ಶನಗಳನ್ನು ಹೇಳಬಹುದು. ಜಗತ್ತಿನ ಬಹುಪಾಲು ಜಾಲತಾಣಗಳ ಗುಟ್ಟನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರಲ್ಲಿ ಗಂಭೀರವಾದ ದೋಷವೊಂದು ಬೆಳಕಿಗೆ ಬಂದಾಗ, ಅದಕ್ಕಾಗಿ ಪೂರ್ಣಕಾಲ ದುಡಿಯುತ್ತಿದ್ದವರು ಬೆರಳೆಣಿಕೆಗೂ ಸಾಲದಷ್ಟು ಮಂದಿಯೆಂದು ಲೋಕಕ್ಕೆ ತಿಳಿಯಿತು. 2024ರ ಮಾರ್ಚಿನ ಪ್ರಸಂಗ ಇನ್ನೂ ವಿಷಾದಕರ. ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ಒಬ್ಬರೇ ನೋಡಿಕೊಳ್ಳುತ್ತ ದಣಿದಿದ್ದರು. ನೆರವಿಗೆ ಬಂದವನಂತೆ ನಟಿಸಿದ ಅಜ್ಞಾತನು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲನ್ನಿಟ್ಟನು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ತಮ್ಮ ಯಂತ್ರ ಅರೆಕ್ಷಣ ತಡವಾಗುತ್ತಿದೆಯೆಂಬ ಸಂಶಯದಿಂದ ಹುಡುಕಿದುದರಿಂದ ಅದು ಸಿಕ್ಕಿಬಿತ್ತು. ತುಳುವಿನ ಸೂಚನಾವಾಕ್ಯಗಳಲ್ಲಿ ಕಳ್ಳಬಾಗಿಲನ್ನು ಯಾರೂ ಇಡಲಾರರು. ಆದರೆ ಒಬ್ಬನ ಹೆಗಲ ಮೇಲೆಯೇ ಎಲ್ಲವನ್ನೂ ಹೊರಿಸಿದರೆ ಅವನು ಕುಸಿದ ದಿನ ಏನಾಗುತ್ತದೆಂಬುದು ಎರಡು ಕಡೆಗೂ ಸಮಾನವಾದ ಪ್ರಶ್ನೆ. ಆಡಳಿತಾಧಿಕಾರವುಳ್ಳವರು ಕಡೆಯ ಪಕ್ಷ ಮೂವರಿರಬೇಕು. ಅವರು ಒಂದೇ ಕಾಲೇಜಿನವರಾಗಿರಬಾರದು.

ಈ ಮಾತಿಗೆ ಈಗ ಹೊಸ ಅಗತ್ಯವೂ ಒದಗಿದೆ. 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ 80 ಸಂಕೇತಗಳು ದೊರೆತುವು. ಸಂಕೇತ ದೊರೆತುದರಿಂದಲೇ ಅಕ್ಷರ ತೆರೆಯ ಮೇಲೆ ಮೂಡುವುದಿಲ್ಲ; ಅಕ್ಷರವಿನ್ಯಾಸ, ಒತ್ತಕ್ಷರಗಳ ಜೋಡಣೆಯ ನಿಯಮ, ಕೀಲಿಮಣೆಯ ಏರ್ಪಾಡು ಇವೆಲ್ಲವೂ ಬೇಕು. ಕನ್ನಡಕ್ಕೆ ಈ ಕೊನೆಯದನ್ನು ಕಿನ್ನಿಕಂಬಳದ ಕೆ. ಪಿ. ರಾಯರು ರೂಪಿಸಿ, ಹಕ್ಕು ಸಾಧಿಸದೆ ಬಿಟ್ಟುಕೊಟ್ಟುದು ಎಲ್ಲರಿಗೂ ತಿಳಿದ ಸಂಗತಿ. ತುಳು-ತಿಗಳಾರಿ ಓಲೆಗಳಲ್ಲಿ ಬಹುಪಾಲು ಸಂಸ್ಕೃತ ಗ್ರಂಥಗಳಾದುದರಿಂದ ಅವುಗಳಲ್ಲಿನ ಸಂಯುಕ್ತಾಕ್ಷರಗಳು ಬಹಳ. ಇಂದು ಕಲಿಸುತ್ತಿರುವ ಅಕ್ಷರರೂಪಗಳಿಗೂ ಓಲೆಯ ರೂಪಗಳಿಗೂ ಅಂತರವುಂಟು. ಓಲೆ ಓದಬಲ್ಲವರು, ಚಿತ್ರ ಬರೆಯಬಲ್ಲವರು, ಕ್ರಮವಿಧಿ ರಚಿಸಬಲ್ಲವರು ಒಂದೆಡೆ ಸಿಗುವುದು ಅಪೂರ್ವ. ಮೊದಲಿಗೆ ಒಂದೊಂದು ಸಂಯುಕ್ತಾಕ್ಷರಕ್ಕೆ ಒಂದೊಂದು ಚೀಟಿಯಂತೆ, ಅದು ಕಂಡುಬಂದ ಓಲೆಯ ಚಿತ್ರವನ್ನೂ ಇಂದಿನ ರೂಪವನ್ನೂ ಪಕ್ಕಪಕ್ಕದಲ್ಲಿಟ್ಟ ಪಟ್ಟಿಯನ್ನು ಸಿದ್ಧಪಡಿಸಬೇಕು. ಸ್ನಾತಕೋತ್ತರ ತರಗತಿಯೊಂದು ಎರಡು ಅರ್ಧವರ್ಷಗಳಲ್ಲಿ ಕೈಗೊಳ್ಳಬಹುದಾದ ಕೆಲಸವಿದು. ಅದಕ್ಕೆ ಬೇಕಾದ ಯಂತ್ರ ನಮ್ಮ ವಿದ್ಯಾರ್ಥಿಗಳ ಜೇಬಿನಲ್ಲಿಯೇ ಇದೆ.